ಕ್ಯಾಂಟನ್ನಿನ ಗೆಳತಿ

ಆರ್.ಟಿ. ನಗರದ ಜಹೀರಾಗೆ ಚೀನಾದ ಕ್ಯಾಂಟನ್ ಊರಿನಲ್ಲಿ ಒಬ್ಬ ಗೆಳತಿ ಇದ್ದಳು. ಬೀದಿಯ ಹೆಂಗಸರಿಗೆ ಇದು ದೊಡ್ಡ ತಮಾಷೆ. ಎದುರುಮನೆಯವರ ಹೆಸರೇ ಸರಿಯಾಗಿ ಗೊತ್ತಿಲ್ಲದ ಹುಡುಗಿ, ಚೀನಾದವಳ ಅತ್ತೆ ಜಾರಿ ಬಿದ್ದ ಸಮಾಚಾರ ಹೇಳಿ ಕಣ್ಣೀರು ಹಾಕಿದರೆ ಯಾರು ತಾನೇ ನಗುವುದಿಲ್ಲ? ಜಹೀರಾ ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಎಂ.ಫಿಲ್. ಮಾಡುತ್ತಿದ್ದುದೇ ಇಂದಿನ ಚೀನಾದ ಸಮಾಜದ ಮೇಲೆ. ವಿಷಯ, ಗಿರಣಿಯಲ್ಲಿ ದುಡಿಯುವ ಹೆಂಗಸರ ಸಂಸಾರ. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಬೆಂಗಳೂರಿನಿಂದ ಹೋಗಿ ಚೀನಾ ನೋಡಿ ಬರುವುದು ಕನಸಿನ ಮಾತು. ಹಾಗಾಗಿ ಪೀಕಿಂಗಿನ ಯಾವುದೋ ಸ್ನೇಹ ಸಂಘಕ್ಕೆ ಬರೆದು, ಅವರ ಮೂಲಕ ಲಿಯು ಮೇ ಎಂಬ ಗಿರಣಿ ಹೆಂಗಸಿನ ಪರಿಚಯ ಮಾಡಿಕೊಂಡಿದ್ದಳು. ಕಾಗದಗಳು ಸಂಘದ ವಿಳಾಸಕ್ಕೇ ಹೋಗುತ್ತಿದ್ದವು, ಅಲ್ಲಿಂದಲೇ ಬರುತ್ತಿದ್ದವು.

ಎಲ್ಲವೂ ಚೀನೀ ಭಾಷೆಯಲ್ಲಿ. ನಿಘಂಟು ಹಿಡಿದು ಕೂತರೂ ಒಂದು ಕಾಗದಕ್ಕೆ ಒಂದು ಇಡೀ ಭಾನುವಾರ ಬೇಕು. ಓದಿದ್ದನ್ನು ಚೀಟಿಗಳಿಗೆ ಇಳಿಸಿ, ರೇಷನ್, ಅತ್ತೆ-ಸೊಸೆ, ತಡ ಮದುವೆ ಎಂದು ತಲೆಬರಹ ಕೊಟ್ಟು, ಷೂ ಡಬ್ಬಿಗಳಲ್ಲಿ ಜೋಡಿಸಿಡುವಳು. ತನಗಾಗಿಯೇ ಬರೆದ ಮಾತುಗಳನ್ನು ಮಾತ್ರ ಚೀಟಿಗೆ ಇಳಿಸುತ್ತಿರಲಿಲ್ಲ. ಆ ಕಾಗದಗಳು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇರುತ್ತಿದ್ದವು.

ಹಾಗೆ ಬೀರು ಸೇರಿದ್ದರಲ್ಲಿ ಒಂದು, ಗಯಾಸ್‌ನ ಸಂಬಂಧ ಬಂದಾಗಿನದು. ಗಯಾಸ್ ಯಶವಂತಪುರದವನು, ಕಾರ್ಖಾನೆಯಲ್ಲಿ ಫೋರ್‌ಮನ್. ಎರಡು ಸಲ ಮನೆಗೆ ಬಂದಿದ್ದ. ಎರಡನೆಯ ಸಲ ತನ್ನ ಹೆಸರನ್ನು ಅವಳ ಕೈಯಲ್ಲಿ ಚೀನೀ ಅಕ್ಷರದಲ್ಲಿ ಬರೆಸಿಕೊಂಡು, ಮಡಚಿ ಜೇಬಿಗಿಟ್ಟುಕೊಂಡು ಹೋಗಿದ್ದ. ಜಹೀರಾಗೆ ಅವನು ಹಿಡಿಸಿದ್ದ. ಸುಳ್ಳೇಕೆ, ತುಂಬಾನೇ ಹಿಡಿಸಿದ್ದ. ಆದರೆ ಮದುವೆ ಬೇಗ ಆಗಬೇಕೆಂದು ಅವನ ಕಡೆಯವರ ಹಟ. ಏನು ಮಾಡಲಿ ಎಂದು ಲಿಯು ಮೇಗೆ ಬರೆದು, ಎರಡು ತಿಂಗಳು ಸಬೂಬು ಹೇಳುತ್ತಾ ದಿನ ತಳ್ಳಿದಳು. ಉತ್ತರ ಬಂತು: ‘ಓದು ಮುಗಿಯುವವರೆಗೆ ಒಪ್ಪಬೇಡ ತಂಗಿ. ಬೇಗ ಒಪ್ಪಿ ನಾನು ಇಂದಿಗೂ ಮರುಗುತ್ತಿದ್ದೇನೆ.’ ಜಹೀರಾ ಅದನ್ನು ಅಮ್ಮೀಗೆ ಮನೆಮಾತು ದಖನಿಯಲ್ಲಿ ಓದಿ ಹೇಳಿ, ಈ ಮದುವೆ ಬೇಡ ಎಂದಳು. ಅಮ್ಮೀ, ಅಂದರೆ ಬದರುನ್ನೀಸಾ, ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಗಯಾಸ್‌ನ ಕಡೆಯವರಿಗೆ ಬೇಡವೆಂದು ಹೇಳಿ ಕಳಿಸಿದರು. ಮರುವರ್ಷ ಗಯಾಸ್‌ಗೆ ಬೇರೆ ಕಡೆ ಮದುವೆಯಾಯಿತು.

ಪ್ರಬಂಧ ಒಪ್ಪಿಸಲು ಒಂದು ತಿಂಗಳು ಉಳಿದಿರುವಾಗ ಇನ್ನೊಂದು ಕಾಗದ ಬಂತು. ಜಹೀರಾ ಎಂದಿನ ಆಸೆಯಿಂದಲೇ ಒಡೆದಳು. ಅದೇ ಕೈಬರಹ, ಕೊನೆಯ ಗೀಟನ್ನು ಉದ್ದಕ್ಕೆ ಎಳೆದುಬಿಡುವ ಅದೇ ಅಭ್ಯಾಸ. ಆದರೆ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನಾಗಲಿಂಗಪ್ಪ ಎಂದಿತ್ತು. ನಿನ್ನ ಹೆಂಡತಿಗೆ ಹೆರಿಗೆಯಾಯಿತೇ ಎಂದು ಕೇಳಿತ್ತು. ಕೆಳಗಿನ ಸಹಿ ಚೆನ್ ವೇ ಎಂಬವನದು. ಉತ್ತರ ಚೀನಾದ ಶೆನ್ಯಾಂಗ್ ಊರಿನಲ್ಲಿ ಲೇತ್ ಕೆಲಸದವನಂತೆ.

ನಾಗಲಿಂಗಪ್ಪ ಅವಳ ವಿಭಾಗದಲ್ಲೇ ಚೀನಾದ ಕಾರ್ಖಾನೆಗಳ ಮೇಲೆ ಎಂ.ಫಿಲ್. ಮಾಡುತ್ತಿದ್ದ ಗದಗಿನ ಕಡೆಯವನು. ವೈವಾ ಮುಗಿಯುವ ತನಕ ಯಾರ ಆಕರವನ್ನೂ ಯಾರಿಗೂ ತೋರಿಸಬಾರದು ಎಂಬುದು ಅವರ ಮೇಷ್ಟರ ಕಟ್ಟಪ್ಪಣೆ. ಇಬ್ಬರೂ ಎರಡು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು, ಪಾಪ.

ಮರುದಿನ ಅವನೇ ಗ್ರಂಥಾಲಯದ ಬಾಗಿಲಲ್ಲಿ ಕಾಯುತ್ತಿದ್ದ.

“ನನ್ನ ಲಕೋಟಿದಾಗ ಇದು ಬಂದೈತ್ರಿ ಜಹೀರಾ ಅವರ. ಸುಳ್ಳ ಹೇಳಂಗಿಲ್ಲ, ಪೂರಾ ಓದೀನಿ. ಓದಬಾರದಿತ್ತು.”

‘ಗಯಾಸ್ ಇನ್ನೂ ನೆನಪಾಗುತ್ತಾನೆ ಎಂದು ಬರೆದಿದ್ದೀಯ ತಂಗಿ,’ ಎಂದು ಶುರುವಾಗಿತ್ತು ಆ ಕಾಗದ. ಅಮ್ಮೀಗೂ ಹೇಳದ ಮಾತು, ನಮಸ್ಕಾರದಾಚೆ ಪರಿಚಯವಿಲ್ಲದ ಗಂಡಸಿನ ಕೈಯಲ್ಲಿತ್ತು. ಜಹೀರಾಗೆ ನಾಚಿಕೆಯಿಂದ ಕಿವಿ ಕಾದವು.

“ನಿಮ್ಮ ಚೆನ್ ವೇ ತಾಯಿ, ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ರಾ?”

“ಹೌದ್ರಿ, ಮಣಕಾಲ ಚಿಪ್ಪ ಒಡದಿತ್ತು. ನಿಮಗ್ಯಾರ ಹೇಳಿದ್ರು?”

ಲಿಯು ಮೇ ಬರೆದಿದ್ದಳು, ತನ್ನ ಅತ್ತೆಯ ಬಗ್ಗೆ. ಶೆನ್ಯಾಂಗಿನಲ್ಲಿ ಮೆಟ್ಟಿಲು ಹಿಮಗಟ್ಟಬಹುದು, ಕ್ಯಾಂಟನ್ನಿನಲ್ಲಿ ಅಲ್ಲ. ಅಲ್ಲಿಯ ಚಳಿಗಾಲ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನದರ ಹಾಗೇ. ಅಟ್ಲಾಸು ನೋಡಿದ ಹೈಸ್ಕೂಲು ಹುಡುಗಿಗೂ ಸಂಶಯ ಬರಬೇಕಾದ ಸಂಗತಿ. ಗೋಡೆಯ ಮೇಲೆ ಚೀನಾದ ನಕ್ಷೆ ಅಂಟಿಸಿಕೊಂಡವಳು ಆ ಕಾಗದ ಓದಿ ಬರೀ ಅತ್ತಿದ್ದಳು.

“ಮದುವೆ ವಿಷ್ಯ ಏನಾದ್ರೂ ಬರ್ದಿದ್ನಾ?” ಜಹೀರಾ ಕೇಳಿದಳು.

ನಾಗಲಿಂಗಪ್ಪ ನಕ್ಕ. “ಓದು ಮುಗಿಯೋತನಕ ಒಪ್ಪಬ್ಯಾಡ, ಲಗೂನ ಒಪ್ಪಿ ನಾ ಮರಗಾಕತ್ತೀನಿ ಅಂತ ಬರದಿದ್ದ. ತಡ ಮದುವಿ ಬಗ್ಗೆ ಅವರ ಸರಕಾರದ ಕರಪತ್ರ ಐತೆಲ್ಲ, ಅದರಾಗಿನ ಮಾತ ಅದು. ಅದನ್ನ ಚೀಟಿ ಮಾಡಿ ಡಬ್ಬ್ಯಾಗ ಹಾಕಿ, ಮುಂದಿನ ವಾರನ ನಿಂಗವ್ವನ್ನ ಲಗ್ನ ಆದೆ.”

ಆ ಕರಪತ್ರ ಜಹೀರಾಗೆ ಗೊತ್ತಿರಲಿಲ್ಲವೇ? ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಳು. ಆ ಸಾಲನ್ನು ತಾನೇ ಅನುವಾದ ಮಾಡಿ, ಕೆಳಗೆ ಗೆರೆ ಎಳೆದಿದ್ದಳು. ಕರಪತ್ರದ ಸಾಲು ಡಬ್ಬಿಯಲ್ಲಿ, ಗೆಳತಿಯ ಸಾಲು ಬೀರುವಿನಲ್ಲಿ. ಎರಡನ್ನೂ ಒಟ್ಟಿಗಿಟ್ಟು ಓದಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಪೀಕಿಂಗಿನಲ್ಲಿ ಕೂತ ಯಾವನೋ ಗುಮಾಸ್ತ, ಒಂದು ಗಂಟೆ ಹೆಂಗಸಾಗಿ ಇನ್ನೊಂದು ಗಂಟೆ ಗಂಡಸಾಗಿ ಬರೆದು, ಅವಳ ಬಾಳಿನ ಮೇಲೆ ಗೀಟು ಎಳೆದುಬಿಟ್ಟಿದ್ದ. ಅವನಿಗೆ ಅವಳ ಮೇಲೆ ದ್ವೇಷವೂ ಇರಲಿಲ್ಲ. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಮನೆಗೆ ಬಂದಾಗ ಅಮ್ಮೀ ಅವರೆಕಾಯಿ ಸುಲಿಯುತ್ತಿದ್ದರು.

“ಚೀನಾದೋಳು ಏನಂತಾಳೆ ಬೇಟಾ?”

“ಅಂಥೋಳು ಯಾರೂ ಇಲ್ಲ ಅಮ್ಮೀ.” ಜಹೀರಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಗಯಾಸ್ ಇನ್ನೂ ನೆನಪಾಗುತ್ತಾನೆ ಎಂಬುದನ್ನೂ ಸೇರಿಸಿ. ಆಮೇಲೆ, ಅಷ್ಟು ಹೊತ್ತು ತಡೆದಿದ್ದ ಸಿಟ್ಟೆಲ್ಲ ತಾಯಿಯ ಕಡೆ ತಿರುಗಿತು. “ನಾನು ಬೇಡ ಅಂದಾಗ ನೀವಾದ್ರೂ ಯಾಕೆ ಒಂದು ಮಾತು ಬಯ್ಯಲಿಲ್ಲ?”

ಅಮ್ಮೀ ಅವರೆಕಾಯಿಯ ಮೊರ ಬದಿಗೆ ಸರಿಸಿದರು.

“ನಿನಗೆ ಅವನು ಇಷ್ಟ ಅಂತ ನನಗೆ ಗೊತ್ತಿತ್ತು. ಬಯ್ಯೋಣ ಅಂತಲೇ ಇದ್ದೆ. ಆದ್ರೆ ನಾನು ತಾಯಿ, ಮಗಳ ಮದುವೆ ಆದ್ರೆ ಸಾಕು ಅನ್ನೋ ಸ್ವಾರ್ಥ ನನಗಿರುತ್ತೆ. ಅಷ್ಟು ದೂರದೋಳಿಗೆ ಏನಿದೆ, ನಿನ್ನ ಒಳ್ಳೇದು ಬಿಟ್ಟು? ಹಾಗಂದ್ಕೊಂಡು ಸುಮ್ಮನಾದೆ.”