ನಾನು ಬರದ ದಿನಗಳಲ್ಲಿ

ರೂಸೆ ನಗರದ ಆಸ್ಪತ್ರೆಯಲ್ಲಿ ನನ್ನ ನರ್ಸಿಂಗ್ ತರಬೇತಿ ವಾರಕ್ಕೆ ಮೂರು ದಿನ: ಸೋಮವಾರದಿಂದ ಬುಧವಾರದವರೆಗೆ, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ. ಮೊದಲ ಸೋಮವಾರವೇ ಏಳನೇ ಕೋಣೆಯ ಪೆಂಚೋ ತಾತನನ್ನು ಒರೆಸಿ, ಹಾಸಿಗೆ ಬದಲಿಸುವ ಕೆಲಸ ನನಗೆ ಬಿತ್ತು. ಅವರಿಗೆ ಎಪ್ಪತ್ತೊಂಬತ್ತು ವರ್ಷ. ಡಾನ್ಯೂಬ್ ನದಿಯಲ್ಲಿ ಸರಕಿನ ದೋಣಿ ನಡೆಸಿದವರು. ಕರುಳಿನ ಕ್ಯಾನ್ಸರ್. ಏಳಲಾಗುತ್ತಿರಲಿಲ್ಲ, ಎಲ್ಲವೂ ಹಾಸಿಗೆಯಲ್ಲೇ. ಕೆಲಸವನ್ನು ಹೇಗೋ ಮುಗಿಸಿದೆ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬೇಸಿನ್ನಿಗೆ ವಾಂತಿ ಮಾಡಿಕೊಂಡೆ.

"ನಾಳೆಯಿಂದ ಮೂಗನ್ನ ಮನೇಲಿಟ್ಟು ಬಾ, ರಾಲಿತ್ಸಾ," ಎಂದು ಸಹಪಾಠಿ ದೆಸಿಸ್ಲಾವಾ ನಕ್ಕಳು.

"ನೀನು ರಕ್ತ ನೋಡಿ ಮೂರ್ಛೆ ಬಿದ್ಯಲ್ಲ, ಅವತ್ತು ತಲೇನ ಎಲ್ಲಿಟ್ಟು ಬಂದಿದ್ದೆ?"

ಕೋಣೆಯ ಬಾಗಿಲು ತೆರೆದೇ ಇತ್ತು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ.

ಮುಂದಿನ ವಾರ ಮೂರು ದಿನವೂ ತಾತನ ಹಾಸಿಗೆ ಸ್ವಚ್ಛವಾಗಿತ್ತು. ನನಗೆ ಹಾಯೆನಿಸಿತು, ಮುಚ್ಚಿಡುವುದೇಕೆ. ಊಟ ಬೇಡವೆನ್ನುತ್ತಿದ್ದರು, ಕಾಯಿಲೆಯವರಲ್ಲವೇ ಎಂದುಕೊಂಡೆ.

ಮೂರನೇ ಸೋಮವಾರ ಹಿರಿಯ ನರ್ಸ್ ಝೋರ್ನಿತ್ಸಾ ತಾತ ತಿಂದದ್ದನ್ನು ಬರೆದಿಟ್ಟ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ಬುಧವಾರ ರಾತ್ರಿಯಿಂದ ಶನಿವಾರದವರೆಗೆ ಸೂಪು, ಬ್ರೆಡ್ಡು, ಮೊಸರು ಎಲ್ಲವೂ ಇದ್ದವು. ಭಾನುವಾರ ಬೆಳಿಗ್ಗೆಯಿಂದ ಬುಧವಾರ ಮಧ್ಯಾಹ್ನದವರೆಗೆ ಏನೂ ಇಲ್ಲ. ತೂಕ ನಾಲ್ಕು ಕಿಲೋ ಇಳಿದಿತ್ತು.

"ನನ್ನನ್ನ ಬೇರೆ ವಾರ್ಡಿಗೆ ಹಾಕಿ ಅಕ್ಕ," ಎಂದೆ. "ಆಗಲಾದ್ರೂ ತಿಂತಾರೆ."

"ಹೋಗು, ಬೇಡ ಅನ್ನಲ್ಲ. ತನ್ನ ನಾತಕ್ಕೇ ಹುಡುಗಿ ಓಡಿಹೋದ್ಲು ಅಂದ್ಕೊಂಡು ಸಾಯ್ತಾನೆ, ಅಷ್ಟೆ."

ಒಂದು ಬಟ್ಟಲು ಮೊಸರು ಹಿಡಿದು ಹೋಗಿ ಅವರ ಪಕ್ಕದಲ್ಲಿ ಕುಳಿತೆ.

"ತಾತ, ಅವತ್ತು ನಾನು ವಾಂತಿ ಮಾಡಿದ್ದು ನಿಮಗೆ ಕೇಳಿಸ್ತು ಅಲ್ವಾ?"

"ಕಿವಿ ಚೆನ್ನಾಗಿದೆ ಮಗಳೇ. ಕೆಟ್ಟಿರೋದು ಸೊಂಟದಿಂದ ಕೆಳಗೆ."

"ಅದಕ್ಕೆ ಉಪವಾಸಾನಾ?"

"ಗುರುವಾರ ಬರೋಳು ಗಟ್ಟಿಗಿತ್ತಿ. ಗಂಡನ್ನ ಬೈಕೊಂಡೇ ಒರೆಸಿ ಹೋಗ್ತಾಳೆ. ನೀನಿನ್ನೂ ಹತ್ತೊಂಬತ್ತರ ಹುಡುಗಿ. ಇದನ್ನೆಲ್ಲ ಯಾಕೆ ನೋಡ್ಬೇಕು?"

"ನೀವು ತಿನ್ನೋವರೆಗೂ ನಾನು ಏಳಲ್ಲ."

"ಹಠಮಾರಿ," ಎಂದು ಬಾಯಿ ತೆರೆದರು. ಆರು ಚಮಚ ತಿಂದರು.

ಒಂದು ತಾಸಿನೊಳಗೆ ಅವರ ಕೋಣೆಯ ಕರೆಗಂಟೆ ಸದ್ದು ಮಾಡಿತು. ಹೋದೆ. ಹೊದಿಕೆ ಸರಿಸಿದೆ. ವಾಸನೆ ಮೊದಲ ದಿನದಷ್ಟೇ ಇತ್ತು. ಬಾಯಿಂದ ಉಸಿರಾಡಿದೆ. ಒರೆಸಿ, ತೊಳೆದು, ಚರ್ಮಕ್ಕೆ ಮುಲಾಮು ಹಚ್ಚಿ, ಹಾಸಿಗೆ ಬದಲಿಸಲು ಹದಿನಾಲ್ಕು ನಿಮಿಷ ಹಿಡಿಯಿತು. ಮುಖ ಗಂಟಿಕ್ಕಲಿಲ್ಲ, ನನಗೆ ಖಾತ್ರಿಯಿದೆ. ಅದನ್ನು ಅವರು ನೋಡಲಿ ಎಂದು ಬಗ್ಗಿ ಅವರ ಅಂಗಿಯ ಗುಂಡಿ ಹಾಕಿದೆ.

ನಾನು ಕೋಣೆಗೆ ಬಂದಾಗಿನಿಂದ ಅವರು ಕಣ್ಣು ಬಿಗಿಯಾಗಿ ಮುಚ್ಚಿದ್ದರು. ರೆಪ್ಪೆಗಳು ಒದ್ದೆಯಾಗಿದ್ದವು.

"ಮುಗೀತು ತಾತ. ಕಣ್ಣು ಬಿಡಿ."

"ನೀನು ಹೋದ್ಮೇಲೆ ಬಿಡ್ತೀನಿ ಮಗಳೇ," ಎಂದರು.