ಸುಬ್ಬಿ ತಪ್ಪಬೇಕು

ಪರದೆಯ ಮೇಲೆ ಎರಡು ಚಿತ್ರ ಮೂಡಿದವು. ಮೇಲೊಂದು ಛತ್ರಿ, ಕೆಳಗೊಂದು ಚಪ್ಪಲಿ. ಎರಡೂ ಒಂದೇ ಆಗಿದ್ದರೆ ಕೆಳಗಿನ ಚಿತ್ರವನ್ನು ಕುಕ್ಕಬೇಕು, ಬೇರೆಯಾದರೆ ಪಕ್ಕದ ಬಿಳಿ ಚೌಕವನ್ನು. ಸುಬ್ಬಿ ಕತ್ತು ಓರೆ ಮಾಡಿ ನೋಡಿ ಬಿಳಿ ಚೌಕವನ್ನು ಕುಕ್ಕಿತು. ತಟ್ಟೆಗೆ ಜೋಳ ಬಿತ್ತು.

ಯಕ್ಷಿತಾಳ ಮುಖ ಬಾಡಿತು. ಈ ಪಾರಿವಾಳಕ್ಕೆ ಮಳೆಗಾಲವಿಡೀ ಕಲಿಸಿದವಳು ಅವಳೇ. ಇವತ್ತು ತಪ್ಪಲಿ ಎಂದು ಹರಕೆ ಹೊರುತ್ತಿದ್ದವಳೂ ಅವಳೇ.

“ಎಂತ ಮಾರಾಯ್ತಿ, ಮುಖ ಹೀಗೆ?” ಪವಾಯಿಯ ಆ ಪ್ರಯೋಗಾಲಯದಲ್ಲಿ ಅವಳಿಗಿಂತ ಹಿರಿಯನಾದ ಧನರಾಜ್ ನಕ್ಕ. “ಇದೆಲ್ಲ ಅದು ಮೊದಲು ಕಾಣದ ಚಿತ್ರ. ಆದ್ರೂ ಸರಿ ಹೇಳ್ತದೆ. ಮಂಗ ಸ್ವಲ್ಪ ಚಿತ್ರದಲ್ಲೇ ಕಲೀತದೆ, ಇದಕ್ಕೆ ರಾಶಿ ಬೇಕಾಯ್ತು. ಬಂದು ಮುಟ್ಟಿದ್ದು ಮಾತ್ರ ಮಂಗ ಮುಟ್ಟಿದಲ್ಲಿಗೇ.”

“ಪಾಸಾದ್ರೆ ನಾಳೆಯೇ ಕೊಯ್ಯುದಾ, ಅಣ್ಣ?”

“ಮತ್ತೆ? ಆ ಬುದ್ಧಿ ಮಿದುಳಲ್ಲಿ ಎಲ್ಲಿ ಕೂತಿದೆ ಅಂತ ನೋಡ್ಬೇಡ್ವಾ? ಫೇಲಾದ್ರೆ ಹೊರಗೆ ಬಿಟ್ಟುಬಿಡುದು. ಅದೇನು ನಿನ್ನ ಮಾವನ ಮಗಳಾ?”

ಅಜ್ಜಿಯ ಕತೆಯಲ್ಲೊಬ್ಬ ಅರಸನಿದ್ದ. ಬುದ್ಧಿ ಎಲ್ಲಿದೆಯೆಂದು ನೋಡಲು ಗಿಳಿಯ ತಲೆ ಸೀಳಿಸುತ್ತಿದ್ದ. ಕತೆ ಅಲ್ಲಿಗೆ ಬಂದಾಗಲೆಲ್ಲ ಯಕ್ಷಿತಾ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಈಗ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಬೇಕೆಂದೇ ನೆಲಕ್ಕೆ ಬಿಟ್ಟಳು. ಗೋರೆಗಾಂವ್ ಸ್ಟೇಷನ್ನಿನ ಮಾಡಿನಡಿ, ಲೋಕಲ್ ರೈಲುಗಳ ಗದ್ದಲದಲ್ಲೇ ಹುಟ್ಟಿದ ಹಕ್ಕಿ ಅದು. ರೆಪ್ಪೆಯನ್ನೂ ಅಲುಗಿಸದೆ ಮುಂದಿನ ಉತ್ತರವನ್ನೂ ಸರಿಯಾಗಿಯೇ ಕುಕ್ಕಿತು.

“ಪಾಸ್! ತಡಿ, ಸರ್‌ನ ಕರ್ಕೊಂಡು ಬರ್ತೇನೆ,” ಎಂದು ಧನರಾಜ್ ಓಡಿದ.

ಯಕ್ಷಿತಾ ಕಿಟಕಿ ತೆರೆದು, ಸುಬ್ಬಿಯನ್ನು ಎತ್ತಿ ಅಂಚಿನ ಮೇಲಿಟ್ಟಳು. “ಹೋಗು, ಹೋಗೇ!”

ಸುಬ್ಬಿ ಆಕಾಶ ನೋಡಿತು. ಆಮೇಲೆ ತಿರುಗಿ, ಅವಳ ತೋಳ ಮೇಲೆ ಹತ್ತಿ ಜೋಳಕ್ಕಾಗಿ ಬೆರಳು ಕುಕ್ಕತೊಡಗಿತು.

ಕಾರಿಡಾರಿನಲ್ಲಿ ಮಾತು ಕೇಳಿಸಿತು. ಯಕ್ಷಿತಾ ಅಜ್ಜಿಯ ಕತೆಯ ರಾಕ್ಷಸಿಯಂತೆ ಕೂದಲು ಬಿಚ್ಚಿ ಮುಖದ ಮೇಲೆ ಚೆಲ್ಲಿಕೊಂಡು, ಹಲ್ಲು ಕಿರಿದು ಅರಚಿದಳು. ಸುಬ್ಬಿ ಗುಟುರ್ ಎಂದು ಇನ್ನೂ ಹತ್ತಿರ ಬಂತು. ಕೂದಲಿನ ಹಿಂದಿರುವುದು ಅವಳೇ ಎಂದು ಅದಕ್ಕೆ ಗೊತ್ತಿತ್ತು.

ಕಣ್ಣು ಮುಚ್ಚಿ ಅದರ ಬಾಲ ಹಿಡಿದು ಜಗ್ಗಿದಳು. ರೆಕ್ಕೆ ಬಡಿದ ಗಾಳಿ ಮುಖಕ್ಕೆ ರಾಚಿತು. ಮುಷ್ಟಿಯಲ್ಲಿ ಗರಿಗಳು ಉಳಿದವು.

ಕಿಟಕಿಯಿಂದ ಇಣುಕಿದಳು. ಎದುರಿನ ಪೈಪಿನ ಮೇಲೆ ಕೂತಿದ್ದ ಸುಬ್ಬಿ ಅವಳನ್ನು ಕಂಡದ್ದೇ ತಡ, ಪವಾಯಿ ಕೆರೆಯತ್ತ ಹಾರಿಹೋಯಿತು.

ಹಿಂದೆ ಬಾಗಿಲು ತೆರೆದುಕೊಂಡಿತು.