ಕಪ್ಲಾನ್ ಮನೆತನದ ಮಹನೀಯರು

ಅರ್ಜೆಂಟೀನಾದ ಬಾಸವಿಲ್ಬಾಸೋ ಊರಿನ ಔಷಧಿ ಅಂಗಡಿಯ ನೌಮ್ ಕಪ್ಲಾನನ ಬಂಧುಬಳಗವೆಲ್ಲ ಗೋಡೆಯ ಮೇಲಿತ್ತು. ಬ್ಯೂನಸ್ ಐರಿಸ್‌ನ ಯಹೂದಿ ಪತ್ರಿಕೆಗಳಲ್ಲಿ ಯಾವ ಕಪ್ಲಾನ್ ಕಾಣಿಸಿಕೊಂಡರೂ ಸರಿ, ಕತ್ತರಿಸಿ ಅಂಟಿಸುತ್ತಿದ್ದ. ಒಬ್ಬ ಹೃದಯತಜ್ಞ, ಇಬ್ಬರು ಪಿಟೀಲುಗಾರರು, ಒಬ್ಬ ಮುಷ್ಟಿಯೋಧ. ಮುಷ್ಟಿಯೋಧ ಸೋತ ಸುದ್ದಿ ಬಂದಾಗ ಮಾತ್ರ, "ಅವನು ಬೇರೆ ಕಪ್ಲಾನ್," ಎಂದು ಜಾರಿಕೊಂಡ.

ಐವತ್ತೆಂಟರ ಈ ವಿಧುರನಿಗೆ ಹೊಲಿಗೆ ಕಲಿಸುವ ಫಾನಿ ಗುರಾಲ್ನಿಕ್ ಎಂದರೆ ಪ್ರಾಣ. ಅವಳಿಗೂ ಅಷ್ಟೇ. ಆದರೆ ಅವಳು ವಿಚ್ಛೇದಿತೆ. ಊರಿನ ಧರ್ಮಗುರು ರಬ್ಬಿ ಒಪ್ಪಲಿಲ್ಲ.

"ಕಪ್ಲಾನ್ ಅಂದ್ರೆ ಕೋಹೆನ್, ಪುರೋಹಿತರ ಕುಲ. ಗಂಡನ್ನ ಬಿಟ್ಟವಳನ್ನ ನೀನು ಕಟ್ಕೊಳ್ಳೋ ಹಾಗಿಲ್ಲಪ್ಪ. ಬೇರೆ ಯಾರಾದ್ರೂ ಆಗಿದ್ರೆ ನಾಳೇನೇ ಮಾಡಿಸ್ತಿದ್ದೆ."

ಅವನ ಅಪ್ಪನ ಅಕ್ಕ, ತೊಂಬತ್ತರ ರೀವ್ಕೆ ಅತ್ತೆ ಇದನ್ನು ಕೇಳಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಯಾವ ಪುರೋಹಿತ್ರು ಕಣೋ? ನಮ್ಮಪ್ಪ ತ್ಸಿಪ್ಕಿನ್, ಬೂಟು ಹೊಲೀತಿದ್ದ. ಸೈನ್ಯಕ್ಕೆ ಎಳ್ಕೊಂಡು ಹೋಗ್ತಾರೆ ಅಂತ, ಒಡೆಸ್ಸಾದಲ್ಲಿ ಸತ್ತೋದ ಯಾವನೋ ಕಪ್ಲಾನ್‌ದು ಕಾಗದಪತ್ರ ಹಿಡ್ಕೊಂಡು ಹಡಗು ಹತ್ತಿದ. ರಬ್ಬಿ ಮುಂದೆ ನಾನೇ ಸಾಕ್ಷಿ ಹೇಳ್ತೀನಿ ಬಾ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತೆ?"

"ನಿನ್ನ ಗೋಡೆ ನೋಡಿ ಪಾಪ ಅನ್ನಿಸ್ತು."

ಫಾನಿಯ ಸಂತೋಷ ಹೇಳತೀರದು. "ತ್ಸಿಪ್ಕಿನ್ ಹೆಂಡ್ತಿ ಅನ್ನಿಸ್ಕೊಳ್ಳೋಕೆ ನಂಗೇನೂ ನಾಚಿಕೆ ಇಲ್ಲ. ಹಬ್ಬದ ದಿನ ಆಶೀರ್ವಾದ ಮಾಡೋಕೆ ಕೋಹೆನ್ ಬರ್ಲಿ ಅಂತ ಕರೀತಾರಲ್ಲ, ಆಗ ನೀನು ಏಳ್ಬೇಡ. ಎದ್ರೆ ಕೋಹೆನ್ ಅಂತ ನೀನೇ ಒಪ್ಕೊಂಡ ಹಾಗೆ, ಆಮೇಲೆ ರಬ್ಬಿ ಮದುವೆ ಮಾಡಿಸಲ್ಲ. ಅಷ್ಟು ಸಾಕು, ಮಿಕ್ಕಿದ್ದು ಅತ್ತೆ ನೋಡ್ಕೋತಾರೆ."

ಕೂತಲ್ಲೇ ಕೂತಿರುವುದು! ಇದಕ್ಕಿಂತ ಸುಲಭದ ಕೆಲಸವನ್ನು ಗಂಡಸಿಗೆ ಇನ್ನಾರು ಕೊಟ್ಟಾರು?

ಹಬ್ಬದ ದಿನ ಪ್ರಾರ್ಥನಾ ಮಂದಿರದಲ್ಲಿ ಕರೆ ಬಂತು. ನೌಮ್ ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡ. ಊರಿನಲ್ಲಿ ಬೇರೆ ಕೋಹೆನ್ ಇರಲಿಲ್ಲ, ಎಲ್ಲರೂ ಅವನತ್ತಲೇ ತಿರುಗಿದರು. ಮೂವತ್ತು ವರ್ಷ ಅವನ ಆಶೀರ್ವಾದಕ್ಕೆ ತಲೆಬಾಗಿದ ಡಾಕ್ಟರು, ವಕೀಲರು, ಧಾನ್ಯದ ವ್ಯಾಪಾರಿಗಳು. ಇನ್ನೊಂದು ಗಳಿಗೆಯಲ್ಲಿ ಇವರೆಲ್ಲರ ಕಣ್ಣಿಗೆ ತಾನು ಬೂಟು ಹೊಲಿಯುವವನ ಮೊಮ್ಮಗ ಎಂದು ನೆನೆದೊಡನೆ ಅವನಿಗೆ ಬೆವರು ಕಿತ್ತುಕೊಂಡು ಬಂತು. ನೌಮ್ ಎದ್ದ.

ವೇದಿಕೆ ಹತ್ತಿ, ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಕೈಯೆತ್ತಿದ. ಹರಸುವ ಕೈಯನ್ನು ನೋಡಬಾರದೆಂದು ಎಲ್ಲರೂ ತಲೆ ತಗ್ಗಿಸಿದರು. ಮಹಡಿಯಲ್ಲಿ ಹೆಂಗಸರ ಸಾಲಿನಿಂದ ಫಾನಿ ಒಬ್ಬಳೇ ನೆಟ್ಟಗೆ ನೋಡುತ್ತಿದ್ದಳು.

ಅವನು ಮಂತ್ರ ಶುರುಮಾಡಿದ. ಜನರನ್ನು ಪ್ರೀತಿಯಿಂದ ಹರಸಿರಿ ಎಂದು ತನ್ನ ಪುರೋಹಿತರಿಗೆ ಆಜ್ಞಾಪಿಸಿದ ದೇವರಿಗೆ ಸ್ತುತಿ. "ಪ್ರೀತಿಯಿಂದ" ಎಂಬಲ್ಲಿ ಮಾತು ತಡೆಯಿತು. ಒಂದು ಸಲ ಕೆಮ್ಮಿ, ಶಾಲು ಸರಿಪಡಿಸಿಕೊಂಡು, ಮುಂದುವರಿಸಿದ.